ಹತ್ತನೆಯ ಹೆಸರು

ಉದಗೀರದ ಕಾಲೇಜು ಶುರುವಾಗಿ ಇನ್ನೂ ಎರಡನೆಯ ವರ್ಷ. ಅಲ್ಲಿ ಗಣಿತ ಹೇಳುತ್ತಿದ್ದ ಶಾಂತವೀರಪ್ಪನವರೇ ಬಾಸ್ಕೆಟ್‌ಬಾಲ್ ತಂಡವನ್ನೂ ನೋಡಿಕೊಳ್ಳುತ್ತಿದ್ದರು. ಔರಂಗಾಬಾದಿನ ಪಂದ್ಯಾವಳಿಗೆ ಶುಕ್ರವಾರದೊಳಗೆ ಹತ್ತು ಹೆಸರು ಕಳಿಸಬೇಕಿತ್ತು. ಒಂದು ಕಡಿಮೆಯಾದರೂ ತಂಡವನ್ನು ಸೇರಿಸಿಕೊಳ್ಳುವುದಿಲ್ಲವೆಂದು ಪತ್ರ ಬಂದಿತ್ತು. ಆದರೆ ಒಬ್ಬ ಆಟಗಾರನಿಗೆ ತಲಾಠಿ, ಅಂದರೆ ಗ್ರಾಮಲೆಕ್ಕಿಗನ ಕೆಲಸ ಸಿಕ್ಕಿತು, ಇನ್ನೊಬ್ಬ ಕೋಟೆಯ ಗೋಡೆ ಹತ್ತಲು ಹೋಗಿ ಕೈ ಮುರಿದುಕೊಂಡ. ಉಳಿದವರು ಎಂಟೇ ಜನ. ಒಂಬತ್ತನೆಯ ಜಾಗಕ್ಕೆ ಅಂಕ ಬರೆಯುತ್ತಿದ್ದ ಗಿಡ್ಡ ಅಮೃತಪ್ಪನನ್ನು ಹಾಕಿಕೊಂಡರು. ಹತ್ತನೆಯದಕ್ಕೆ ಎತ್ತರದವನೇ ಬೇಕಿತ್ತು. ಅಂಥವನೊಬ್ಬ ಗೊತ್ತಿದ್ದ. ಅವನ ಮುಂದೆ ಹೋಗಿ ನಿಲ್ಲುವ ಧೈರ್ಯ ಮಾತ್ರ ಶಾಂತವೀರಪ್ಪನವರಿಗೆ ಇರಲಿಲ್ಲ.

ಅವನು ತುರೋರಿಯ ಭೀಮಶಾ, ಕುರಿ ಸಾಕುವ ಮನೆತನದವನು. ಹಿಂದಿನ ವರ್ಷ ಮ್ಯಾಟ್ರಿಕ್ ಪಾಸಾಗಿ ಆಯ್ಕೆಗೆ ಬಂದಿದ್ದ. ತಂಡ ಸೇರಿದವರಿಗೆ ಹಾಸ್ಟೆಲಿನಲ್ಲಿ ಊಟ, ವಸತಿ ಪುಕ್ಕಟೆ. ಅದಿಲ್ಲದೆ ಅವನಿಗೆ ಕಾಲೇಜಿಲ್ಲ. ಅರ್ಧ ಗಂಟೆ ಆಡಿಸಿ ನೋಡಿದ ಶಾಂತವೀರಪ್ಪನವರು ಎಲ್ಲರೆದುರಿಗೆ, "ನಿನ್ನ ಕಾಲಂದ್ರ ಬೀಸೋಕಲ್ಲ ಇದ್ದಂಗ ಅವ. ನಡಿ ಊರಿಗಿ," ಅಂದುಬಿಟ್ಟಿದ್ದರು. ಹುಡುಗ ಬೂಟು ಬಿಚ್ಚಿಟ್ಟು ಊರಿನ ದಾರಿ ಹಿಡಿದಿದ್ದ.

ಬುಧವಾರ ಬೆಳಿಗ್ಗೆ ಅವರು ನಿಲಂಗಾದಲ್ಲಿ ಬಸ್ಸು ಬದಲಿಸಿ, ಉಮರ್ಗಾ ದಾಟಿ ತುರೋರಿಯಲ್ಲಿ ಇಳಿದರು. ಡಾಂಬರು ರಸ್ತೆಗೆ ಅಂಟಿದಂತೆಯೇ ಭೀಮಶಾನ ಮನೆಯ ಕುರಿಹಟ್ಟಿ. ಅಂಗಳದಲ್ಲಿ ಉಣ್ಣೆ ನೂಲುತ್ತ ಕೂತಿದ್ದ ಅವನ ತಾಯಿ ಮಾಳವ್ವ ತಲೆಯೆತ್ತಿದಳು.

"ಯಾರ್ರಿ ನೀವು?"

"ಉದಗೀರ ಕಾಲೇಜಿನಾಂವ."

ನೂಲು ತೆಗೆಯುತ್ತಿದ್ದ ಕೈ ನಿಂತಿತು. "ನನ್ನ ಮಗನ ಕಾಲಿಗಿ ಕಲ್ಲ ಅಂದಾವ್ರು ನೀವೇ ಏನ್ರಿ?"

"ಹೌದವ್ವ, ನಾನೇ."

ಮಾಳವ್ವ ಮುಂದೇನು ಹೇಳುತ್ತಿದ್ದಳೋ, ಅಷ್ಟರಲ್ಲಿ ಲಾರಿಯೊಂದು ಹಾರ್ನ್ ಕಿರುಚಿಸುತ್ತ ಬಂತು. ಬೆದರಿದ ಕುರಿಗಳು ಹಟ್ಟಿಯಿಂದ ನುಗ್ಗಿ ನೇರ ರಸ್ತೆಯ ಕಡೆಗೆ ಓಡಿದವು. ಹಿಂದಿನ ಹೊಲದಿಂದ ಉದ್ದನೆಯ ಹುಡುಗನೊಬ್ಬ ಬರಿಗಾಲಲ್ಲಿ ಜಿಗಿದು ಬಂದ. ಬೇಲಿ ಹಾರಿ, ಮುಂದಿನ ಟಗರನ್ನು ದಾಟಿ, ಎರಡೂ ಕೈ ಚಾಚಿ ಅಡ್ಡ ನಿಂತ. ಎಡಕ್ಕೆ ನುಸುಳಿದ ಕುರಿಗೆ ಎಡಕ್ಕೆ, ಬಲಕ್ಕೆ ಸರಿದದ್ದಕ್ಕೆ ಬಲಕ್ಕೆ. ಒಂದನ್ನೂ ಬಿಡದೆ ಹಿಂದಕ್ಕೆ ತಿರುಗಿಸಿದ. ಲಾರಿ ಹೊರಟುಹೋಯಿತು.

ಶಾಂತವೀರಪ್ಪನವರು ಬಾಯಿ ತೆರೆದು ನೋಡುತ್ತಿದ್ದರು. ಇವನು ಅವನೇ ಹೌದೋ ಅಲ್ಲವೋ ಎಂಬ ಅನುಮಾನ ಬಂತು.

"ಭೀಮಶಾ, ಹಿಂಗ ಓಡಾವ ಹೋದ ವರ್ಷ ಯಾಕ ಓಡ್ಲಿಲ್ಲೋ?"

ಭೀಮಶಾ ನೆಲ ನೋಡಿದ. "ನೀವು ಬೂಟ್ ಕೊಟ್ಟಿದ್ರಿ ಸರ್. ಬೆರಳು ಒಳಗ ಮಡಚಿ ಹೋಗಿದ್ವು."

"ಸಣ್ಣ ಆಗ್ಯಾವ ಅಂತ ಹೇಳ್ಬಾರದಾಗಿತ್ತೇನು?"

"ಅದಕ್ಕೂ ಮೊದ್ಲ ನಾ ಬೂಟ್ ಹಾಕಿದ್ದೇ ಇಲ್ರಿ. ಬೂಟ್ ಅಂದ್ರ ಹಂಗೇ ಇರ್ತಾವ ಅಂತ ತಿಳದೆ."

ಶಾಂತವೀರಪ್ಪನವರು ಅಲ್ಲೇ ಬಿದ್ದಿದ್ದ ಕಂಬಳಿಯ ಮೇಲೆ ಕೂತುಬಿಟ್ಟರು. ಹುಡುಗನ ಕಾಲು ನೋಡಿದ್ದರೆ ಸಾಕಿತ್ತು, ಅವರು ನೋಡಿರಲಿಲ್ಲ. ಅವನ ಒಂದು ವರ್ಷ ಹಾಳಾಗಿ ಹೋಯಿತು.

"ತಪ್ಪು ನಂದು, ಭೀಮಶಾ. ಈಗ ಕರಿಲಿಕ್ಕಿ ಬಂದೀನಿ. ಹತ್ತು ಜನ ಆಗವಲ್ರು, ಅದಕ್ಕೂ ಬಂದೀನಿ. ಸುಳ್ಳು ಹೇಳಂಗಿಲ್ಲ."

ಭೀಮಶಾ ತಾಯಿಯ ಮುಖ ನೋಡಿದ. ಮಾಳವ್ವ ಸೆರಗಿಗೆ ಕೈ ಒರೆಸಿಕೊಂಡಳು.

"ಆಟ ಸೋತ್ರ ಮತ್ತ ಊರಿಗಿ ನಡಿ ಅಂತೀರಿ. ಬಾಯಿ ಮಾತು ಬ್ಯಾಡ್ರಿ. ಕಾಗದದ ಮ್ಯಾಲ ಬರದು ಕೊಡ್ರಿ."

ಶಾಂತವೀರಪ್ಪನವರು ನೋಟ್‌ಬುಕ್ಕಿನ ಹಾಳೆ ಹರಿದು ಬರೆದರು: ತಂಡ ಗೆದ್ದರೂ ಸೋತರೂ, ಕೈಕಾಲು ಮುರಿದು ಆಡದೆ ಕೂತರೂ, ಬಿ.ಎ. ಮುಗಿಯುವ ತನಕ ಭೀಮಶಾನ ಹಾಸ್ಟೆಲ್ ಜಾಗ ಅವನದೇ. ಪ್ರಿನ್ಸಿಪಾಲರು ಒಪ್ಪದಿದ್ದರೆ ತಮ್ಮ ಮನೆಯಲ್ಲೇ ಇಟ್ಟುಕೊಳ್ಳುವುದಾಗಿಯೂ ಸೇರಿಸಿದರು. ಭೀಮಶಾ ಅದನ್ನು ತಾಯಿಗೆ ಎರಡು ಸಲ ಓದಿ ಹೇಳಿದ.

"ಕುರಿ ನಿನ್ನ ಕಾಕಾ ನೋಡ್ತಾನ. ಹೋಗು," ಎಂದಳು ಮಾಳವ್ವ. ಕಾಗದವನ್ನು ಮಗನ ಕೈಗೂ ಕೊಡದೆ ಕುಬಸದೊಳಗೆ ಇಟ್ಟುಕೊಂಡಳು.

ಗುರುವಾರ ಮಧ್ಯಾಹ್ನ ಪ್ರಿನ್ಸಿಪಾಲರು ಭೀಮಶಾನ ಕಾಲೇಜು, ಹಾಸ್ಟೆಲ್ ಅರ್ಜಿಗಳಿಗೆ ತಕರಾರಿಲ್ಲದೆ ಸಹಿ ಹಾಕಿದರು. ಶಾಂತವೀರಪ್ಪನವರು ತಂಡದ ಪಟ್ಟಿಯ ಕೊನೆಗೆ ಅವನ ಹೆಸರು ಬರೆದು, ಅವನನ್ನೇ ಜೊತೆಗೆ ಕರೆದುಕೊಂಡು ಅಂಚೆ ಕಚೇರಿಗೆ ಹೋದರು. ಲಕೋಟೆಯ ಮೇಲೆ ಮೊಹರು ಬಿದ್ದ ಸದ್ದು ಕೇಳಿದ ಮೇಲೆಯೇ ಅವರ ಉಸಿರು ಸರಾಗವಾದದ್ದು. ಎರಡು ದಿನದಿಂದ ಸರಿಯಾಗಿ ಉಂಡಿಲ್ಲವೆಂಬುದು ಆಗ ನೆನಪಾಯಿತು.

"ಹಸಿವಾಗ್ಯಾದೇನೋ?"

"ಭಾಳ ಆಗ್ಯಾದ್ರಿ ಸರ್," ಎಂದ ಭೀಮಶಾ, ಮೊದಲ ಸಲ ನಗುತ್ತ.

ಇಬ್ಬರೂ ಕಾಳಿನ ಪೇಟೆಯಾದ ಮೊಂಢಾದ ಎದುರಿನ ಖಾನಾವಳಿಗೆ ಹೋಗಿ ಕೂತು, ಒಂದರ ಮೇಲೊಂದು ರೊಟ್ಟಿ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡರು.