ಸೊಸೆಯ ಅಳತೆ

ಆ ಹೊಲಿಗೆ ಅಂಗಡಿಯಲ್ಲಿ ಬಾಯಿಮಾತಿಗೆ ಬೆಲೆಯಿರಲಿಲ್ಲ. ಸೊರಗಿದ್ದೇನೆ ಎಂದು ಗಿರಾಕಿ ಎಷ್ಟೇ ಹೇಳಲಿ, ಅತ್ತೆ ಟೇಪು ಸುತ್ತಿ ನೋಡಿಯೇ ನಂಬುತ್ತಿದ್ದರು. ಟೇಪಿಗೆ ಮುಲಾಜಿಲ್ಲ ಎಂಬುದು ಅವರ ವೇದಾಂತ. ತಮ್ಮ ಸೊಂಟಕ್ಕೆ ಅವರು ಅದನ್ನು ಸುತ್ತಿಕೊಂಡದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಹಿರಿಸೊಸೆಗೆ ಲೂಪಸ್ ಇದೆ ಎಂದು ಡಾಕ್ಟರು ಹೇಳಿದರು. ಮೈ ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿ ಬೀಳುವ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹೆಚ್ಚಾಗಿ ಹೆಂಗಸರನ್ನೇ ಹಿಡಿಯುತ್ತದೆ.

"ಹೆಂಗಸರಿಗೆ ಬರೋದಾದ್ರೆ ನಂಗ್ಯಾಕೆ ಬರ್ಲಿಲ್ಲ?" ಎಂದರು ಅತ್ತೆ.

"ನಿಮ್ಮ ಹತ್ರ ಸುಳಿಯೋಕೆ ಅದಕ್ಕೂ ಧೈರ್ಯ ಬೇಕಲ್ಲ ಅತ್ತೆ," ಎಂದಳು ಕಿರಿಸೊಸೆ. ಅತ್ತೆ ಇದನ್ನು ಹೊಗಳಿಕೆಯೆಂದೇ ಸ್ವೀಕರಿಸಿದರು.

ಹಿರಿಸೊಸೆಯ ಕೆನ್ನೆಯಿಂದ ಕೆನ್ನೆಗೆ, ಮೂಗಿನ ಮೇಲೆ ಹಾದು ಕೆಂಪು ದದ್ದು ಹರಡಿತು. ಬಣ್ಣ ಬಳಿದುಕೊಂಡಿದ್ದಾಳೆ ಎಂದು ಓರಗಿತ್ತಿಯಾದ ಕಿರಿಸೊಸೆ ಗಿರಾಕಿಗಳ ಕಿವಿಯಲ್ಲಿ ಉಸುರಿದಳು. ಬೆಳಗಿನ ಹೊತ್ತು ಬೆರಳು ಮಡಿಸಲಾಗದೆ ಕತ್ತರಿ ಹಿಡಿಯುವುದು ತಡವಾದರೆ ಅದು ಸೋಮಾರಿತನ. ಮಾತ್ರೆಯಿಂದ ಮುಖ ದುಂಡಗಾದಾಗ ಅತ್ತೆ ಟೇಪು ತಂದೇಬಿಟ್ಟರು.

"ಎರಡಿಂಚು ಜಾಸ್ತಿ. ಕಾಯಿಲೆಯವರು ಸೊರಗ್ತಾರೆ. ಇವಳು ಹಿಗ್ತಾಳೆ."

"ಅದು ಮಾತ್ರೆಯಿಂದ ಅತ್ತೆ."

"ಮಾತ್ರೆ ತಿಂದೇ ಮೈ ಬರೋದಾದ್ರೆ ಮನೇಲಿ ಒಲೆ ಯಾಕೆ ಹಚ್ಬೇಕು?"

ಆ ಮಾತಿಗೆ ಮಿಷನ್ ತುಳಿಯುತ್ತಿದ್ದ ಹಿರಿಸೊಸೆಯ ಗಂಡನೂ ನಕ್ಕ. ಅಮ್ಮ ಮಾತು ಮುಗಿಸಿದ ಮೇಲೆ ನಗುವುದು ಅವನಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ.

ಮದುವೆ ಗಂಡಿನ ಕೋಟಿನ ಬಟ್ಟೆ ಮೇಜಿನ ಮೇಲೆ ಹಾಸಿದ್ದ ದಿನ, ಹಿರಿಸೊಸೆ ಕತ್ತರಿ ಕೆಳಗಿಟ್ಟಳು. ಆ ಅಂಗಡಿಯಲ್ಲಿ ಕೋಟು ಕತ್ತರಿಸಲು ಬರುತ್ತಿದ್ದುದು ಅವಳೊಬ್ಬಳಿಗೇ.

"ಆಸ್ಪತ್ರೆಗೆ ಹೋಗ್ಬೇಕು. ಕಾಲು ಊದಿದೆ, ಮೂತ್ರ ನೊರೆನೊರೆಯಾಗಿ ಹೋಗ್ತಿದೆ. ಹೀಗಾದ್ರೆ ಕಾಯಿಲೆ ಕಿಡ್ನಿಗೆ ಇಳಿದಿರಬಹುದು, ಅವತ್ತೇ ಬನ್ನಿ, ತಡ ಮಾಡಿದ್ರೆ ಕಿಡ್ನಿ ಉಳಿಯಲ್ಲ ಅಂತ ಡಾಕ್ಟರು ಅಂದಿದ್ರು."

"ಕೋಟು?" ಎಂದರು ಅತ್ತೆ.

"ಅದು ಬಟ್ಟೆ ಅತ್ತೆ. ಕಾಯುತ್ತೆ."

"ಅಕ್ಕನ ಕಾಲಿಗೂ ಕೋಟಿಗೂ ಏನೋ ಒಪ್ಪಂದ ಆಗಿದೆ," ಎಂದಳು ಓರಗಿತ್ತಿ. "ಇದು ಬಂದ ದಿನ ಅದು ಊದುತ್ತೆ."

"ಸುಮ್ನೆ ಮಾತ್ಯಾಕೆ, ಅಳತೆ ತಗೋ," ಎಂದರು ಅತ್ತೆ.

ಓರಗಿತ್ತಿ ಕುಕ್ಕರಗಾಲಲ್ಲಿ ಕೂತು ಕಣಕಾಲಿಗೆ ಟೇಪು ಸುತ್ತಿದಳು. ಬಿಗಿದಷ್ಟೂ ಅಳತೆ ಇಳಿಯುತ್ತದೆ ಎಂಬುದು ಹೊಲಿಗೆಯವರಿಗೆಲ್ಲ ಗೊತ್ತು. ಅವಳು ಹಲ್ಲು ಕಚ್ಚಿ ಎಳೆದಳು.

"ನೋಡಿ ಅತ್ತೆ, ನನ್ನ ಕಾಲಿನಷ್ಟೇ ಇದೆ."

ಟೇಪು ಬಿಚ್ಚಿದಳು. ಅದರ ಅಗಲಕ್ಕೆ ಸರಿಯಾಗಿ ಕಾಲಿನ ಸುತ್ತ ಒಂದು ಕಾಲುವೆ ಉಳಿದಿತ್ತು. ಒರೆಸಿದರೆ ಹೋದೀತೆಂದು ಹೆಬ್ಬೆರಳಿನಿಂದ ಒತ್ತಿದಳು. ಅಲ್ಲೂ ಗುಳಿ ಬಿತ್ತು, ಮೇಲೇಳಲಿಲ್ಲ. ಹಿಟ್ಟಿಗೆ ಬೆರಳಿಟ್ಟ ಹಾಗಾಗಿ ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಮಿಷನ್ ನಿಂತಿತು. ಅತ್ತೆ ಗುಳಿಯನ್ನು ನೋಡಿದರು, ಕೋಟಿನ ಬಟ್ಟೆಯನ್ನೂ ನೋಡಿದರು.

"ಕೂತ್ಕೊಂಡೂ ಕತ್ತರಿಸಬಹುದಲ್ಲ," ಎಂದರು.

ಹಿರಿಸೊಸೆ ಬಾಗಿಲ ಬಳಿ ತನ್ನ ಚಪ್ಪಲಿಗೆ ಕಾಲು ತೂರಿಸಲು ನೋಡಿದಳು, ಹಿಡಿಸಲಿಲ್ಲ. ಗಂಡನದನ್ನು ಮೆಟ್ಟಿಕೊಂಡಳು.

"ನಾನೂ ಬರ್ಲಾ?" ಎಂದು ಗಂಡ ಕೇಳಿದ. ಮುಖ ಮಾತ್ರ ಅಮ್ಮನ ಕಡೆಗಿತ್ತು.

ಅತ್ತೆ ಯೋಚಿಸಿ ಬಾಯಿ ತೆರೆಯುವಷ್ಟರಲ್ಲಿ ಅವಳು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬೀದಿ ಸೇರಿದ್ದಳು.

"ಬರಿಗಾಲಲ್ಲಿ ಎಲ್ಲಿಗೋ ಹೋಗ್ತೀಯ, ಕೂತ್ಕೋ," ಎಂದರು ಅತ್ತೆ.

ಅವನು ಕೂತ.