ಗ್ರಾಫಿನಲ್ಲಿ ಎರಡು ದಿಬ್ಬ

ಎರಡು ಗುಡ್ಡ, ನಡುವೆ ತಗ್ಗು, ಬಸ್ಸಿನ ಗಾಜಿನಾಚೆ ಕೋಲಾರದ ಬೆಟ್ಟಸಾಲು ಹಿಂದೆ ಸರಿಯುತ್ತಿದೆ, ಇಷ್ಟು ವರ್ಷ ಇದೇ ಕಂಪನಿ ಬಸ್ಸಿನಲ್ಲಿ ಮಾಲೂರಿನಿಂದ ಮುಳಬಾಗಿಲಿಗೆ ಬಂದರೂ ಅದು ಬೆಟ್ಟವಾಗಿಯೇ ಕಂಡಿತ್ತು, ಇವತ್ತು ಗ್ರಾಫಿನ ಹಾಗೆ ಕಾಣುತ್ತಿದೆ — ಮಧ್ಯಾಹ್ನ ಲ್ಯಾಬಿನಲ್ಲಿ ಪುಡಿ ಸರಿಯಿದೆ ಎಂದು ನಾನು ಸಹಿ ಹಾಕಿದ ಗ್ರಾಫು, ಅಕ್ಕಪಕ್ಕ ಎರಡು ದಿಬ್ಬ, ಬಿ.ಪಿ. ಮಾತ್ರೆಗೆ ಹೋಗುವ ನಮ್ಮ ಪುಡಿಗೆ ಈಚೆಗೆ ಯಾವಾಗಲೂ ಎರಡು ದಿಬ್ಬವೇ ಅಲ್ಲವೇ ಎಂದು ಹಾಕಿಬಿಟ್ಟೆ, ಆದರೆ ಗ್ರಾಫು ಬರೆಯುವ ಯಂತ್ರದ ಹೀಟರ್, ಹೀಟರ್ ಆನ್ ಇತ್ತೇ, ಮೂರು ತಿಂಗಳು ಕೆಟ್ಟು ಬಿದ್ದಿದ್ದು ಸೋಮವಾರ ರಿಪೇರಿಯಾಯಿತು, ನನ್ನ ಕಣ್ಣು ಮಾತ್ರ ಇನ್ನೂ ತಣ್ಣನೆಯ ಗ್ರಾಫಿಗೇ ಒಗ್ಗಿಕೊಂಡಿದೆ. ಡಿಗ್ರಿ ಕ್ಲಾಸಿನಲ್ಲಿ ಕೋದಂಡರಾಮಪ್ಪ ಮೇಷ್ಟ್ರು ತಮ್ಮ ಅಂಗೈಯನ್ನೇ ಅಣುವಿನೊಳಗಿನ ಒಂದು ತುಂಡು, ಅಸೈಲ್ ಗುಂಪು, ಮಾಡಿ ತೋರಿಸಿದ್ದರು, ಅಂಗೈ ಇಂಗಾಲ, ಹೆಬ್ಬೆರಳು ಆಮ್ಲಜನಕ, ಪಕ್ಕದಲ್ಲಿ ಸಾರಜನಕ ಕೂತಿದ್ದರೆ ಮಣಿಕಟ್ಟು ಬಿಗಿ, ಸುಲಭಕ್ಕೆ ತಿರುಗಲ್ಲ, ಒಂದಷ್ಟು ಹೆಬ್ಬೆರಳು ಈ ಕಡೆ, ಒಂದಷ್ಟು ಆ ಕಡೆ, ಅಣು ಒಂದೇ ಕಣಮ್ಮಾ, ನಿಂತಿರೋ ಭಂಗಿ ಬೇರೆ. ತಣ್ಣಗಿದ್ದಾಗ ಯಂತ್ರಕ್ಕೆ ಎರಡಾಗಿ ಕಾಣುತ್ತದೆ, ಅರವತ್ತು ಡಿಗ್ರಿಗೆ ಕಾಯಿಸಿದರೆ ಸರಸರ ತಿರುಗಿ ಬೆರೆತು ಒಂದೇ ದಿಬ್ಬ. ಕಾಯಿಸಿದರೂ ಬೆರೆಯದಿದ್ದರೆ ಅದು ಭಂಗಿಯಲ್ಲ, ಬೇರೆಯದೇ ವಸ್ತು. ಆ ಕಡೆ ತಿರುಗಿ ನಿಂತ ಅಣುವಿಗೆ ಒಂದು ಚಾಳಿಯಿದೆ, ಅದರ ಎರಡು ತುದಿಗಳು ಹತ್ತಿರ ಬರುತ್ತವೆ, ಒಣಗಿಸುವಾಗ ಕಾವು ಹೆಚ್ಚಾದರೆ ಒಂದನ್ನೊಂದು ಕಚ್ಚಿಕೊಂಡು ಉಂಗುರವಾಗುತ್ತವೆ, ಆಮೇಲೆ ಅದು ಔಷಧಿಯಲ್ಲ — ಡ್ರೈಯರ್ ಮೊನ್ನೆ ಎರಡು ಗಂಟೆ ಹೆಚ್ಚಿಗೆ ಓಡಿತಂತೆ ಎಂದು ಕ್ಯಾಂಟೀನಿನಲ್ಲಿ ಯಾರೋ ನಕ್ಕರು, ಚಿತ್ರಾನ್ನ ತಿನ್ನುತ್ತಾ ನಾನೂ ನಕ್ಕೆ.

ಶ್ರೀನಿವಾಸಪುರದ ಕಡೆಯಿಂದ ಬಂದ ಮಾವಿನ ಲಾರಿ ಪಕ್ಕದಲ್ಲೇ ಹೋಗುತ್ತಿದೆ, ಹಣ್ಣಿನ ವಾಸನೆ ಬಸ್ಸಿನೊಳಗೆ ನುಗ್ಗುತ್ತದೆ, ಶ್ರುತಿ ಮಾವಿನಕಾಯಿಗೆ ಉಪ್ಪು ಹಾಕಿಕೊಡಮ್ಮಾ ಅಂತ ನಿನ್ನೆ ಅತ್ತಳು, ಉಪ್ಪು ಮುಟ್ಟುವ ಹಾಗಿಲ್ಲ, ಒಂಬತ್ತು ವರ್ಷಕ್ಕೇ ನನ್ನ ಮಗಳ ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದೆ, ಸೋರಿಕೆ ತಗ್ಗಲೆಂದು ಅವಳಿಗೂ ಇದೇ ಬಿ.ಪಿ. ಮಾತ್ರೆ ದಿನಕ್ಕೊಂದು, ಬೆಳಿಗ್ಗೆ ಎದ್ದಾಗ ಎರಡೂ ರೆಪ್ಪೆ ಊದಿತ್ತು, ಅತ್ತೆ ದೋಸೆ ಮಗುಚುತ್ತಾ, ಏನಮ್ಮಾ ರಾಧಾ, ಮಗೀನ ಕಣ್ಣು ಹಿಂಗೈತೆ, ನಿಮ್ ಕಂಪ್ನಿ ಮಾತ್ರೆ ಕೆಲ್ಸ ಮಾಡ್ತೈತಾ ಇಲ್ಲ ಸುಣ್ಣದ ಪುಡಿ ತುಂಬ್ತೀರಾ ಅಂದರು, ಮಾತ್ರೆ ನಾವು ಮಾಡಲ್ಲ ಅತ್ತೆ, ಪುಡಿ ಅಷ್ಟೇ ಅಂದೆ. ಅಷ್ಟೇ. ಇವತ್ತಿನ ಪುಡಿ ಯಾವ ಮಗುವಿನ ಬಾಯಿಗೋ. ಏಳಕ್ಕೆ ಕಂಪನಿಯಿಂದ ಪುಡಿಯ ಲಾರಿ ಹೊರಡುತ್ತದೆ, ಈಗ ಆರೂವರೆ, ನನ್ನ ಸಹಿ ತಪ್ಪು ಎಂದು ನಾನೇ ಹೇಳಿದರೆ ಕೆಲಸ ಉಳಿಯುವುದಿಲ್ಲ, ಕೆಲಸ ಹೋದರೆ ಇಎಸ್‌ಐ ಕಾರ್ಡು ಹೋಗುತ್ತದೆ, ಕಾರ್ಡು ಹೋದರೆ ಶ್ರುತಿಯ ಆಸ್ಪತ್ರೆ — ಹೀಟರ್ ಆಫ್ ಇದ್ದಿರಲಿ, ದೇವರೇ, ಯಾರೂ ಆನ್ ಮಾಡದೆ ಮರೆತಿರಲಿ, ಬೆರಳು ಆಗಲೇ ಮುರಳಿಮೋಹನ್ ನಂಬರು ಒತ್ತಿದೆ, ಲ್ಯಾಬಿನ ಸಂಜೆ ಪಾಳಿಯ ಹುಡುಗ, ಯಾಕಕ್ಕಾ, ಮನೆಗ್ ಹೋದ್ರೂ ಮಿಷನ್ ಬಿಡಲ್ವಾ, ಮುರಳೀ, ಮಧ್ಯಾಹ್ನದ ಗ್ರಾಫಿನ ಕೆಳಗೆ ಹೀಟರ್ ಎಷ್ಟು ಅಂತ ನೋಡು, ಕಾಗದ ಸರಿದ ಸದ್ದು, ತಣ್ಣಗಿತ್ತು ಅನ್ನು, ಮೂವತ್ತು ಅನ್ನು, ಮನಸ್ಸಿನಲ್ಲೇ ಬೇಡುತ್ತಿದ್ದೇನೆ, ಕಾಗದದ ಸದ್ದು ನಿಂತಿತು. ಅರವತ್ತು, ಅಕ್ಕಾ. ಸೋಮವಾರದಿಂದ ಅರವತ್ತರಲ್ಲೇ ಓಡ್ಸಿರೋದು. ನನ್ನ ಬಾಯಿ ನನ್ನದಲ್ಲದ ಹಾಗೆ ಮಾತಾಡುತ್ತಿದೆ, ಲಾರಿ ಬಿಡಬೇಡ, ಡ್ರಮ್ಮು ಇಳಿಸು, ಲಾರಿ ಗೇಟ್ ಹತ್ರ ಹೋಯ್ತಕ್ಕಾ, ನಿಮ್ ಸಹಿ ಐತಲ್ಲ, ಅದಕ್ಕೇ ಹೇಳ್ತಿರೋದು ಓಡು ಮುರಳೀ, ಅವನ ಚಪ್ಪಲಿ ಕಾರಿಡಾರಿನಲ್ಲಿ ಪಟಪಟ, ಫೋನು ಕಿವಿಗೇ ಅಂಟಿದೆ, ಆ ಕಡೆ ಉಸಿರು, ಎಂಜಿನ್ನಿನ ಸದ್ದು, ಗೇಟೋ ಲಾರಿಯೋ, ಗಾಜಿನಾಚೆ ಬೆಟ್ಟ ಕಪ್ಪಾಗುತ್ತಿದೆ, ಕಣ್ಣು ಮುಚ್ಚಿದರೂ ಎರಡು ದಿಬ್ಬ, ಊದಿದ ಎರಡು ರೆಪ್ಪೆ, ಅರವತ್ತರಲ್ಲಿ, ಅರವತ್ತರಲ್ಲೂ, ಎರಡು ದಿಬ್ಬ —