ಪರ್ಮೀಲಿಯಾ ಮಲಗಿದ ದಾರಿ

ಹೋದ ಚಳಿಗಾಲವಿಡೀ ನಾನು ಕೌಂಟಿ ಕಚೇರಿಯವರ ತಲೆ ತಿಂದಿದ್ದೆ. ರಸ್ತೆ ಅಗಲ ಮಾಡಬೇಕು, ಪರ್ಮೀಲಿಯಾಳ ಸಮಾಧಿಯನ್ನು ಬೇರೆ ಕಡೆ ಸರಿಸುತ್ತೇವೆ ಅಂದಿದ್ದರು. ಸರಿಸೋದಕ್ಕೆ ಅವಳೇನು ಬೀರುವೇ? ನಮ್ಮ ಹುಲ್ಲುಗಾವಲಿನ ಅಂಚಿನಲ್ಲಿ, ರಸ್ತೆಗೆ ತಾಗಿಕೊಂಡೇ, ಕಬ್ಬಿಣದ ಬೇಲಿಯೊಳಗೆ ಒಂದು ಕಲ್ಲುಗುಪ್ಪೆ. ಪಕ್ಕದಲ್ಲಿ ಸರ್ಕಾರದ ಫಲಕ: ಪರ್ಮೀಲಿಯಾ ಟ್ಯಾಕೆಟ್, ಹೊಸ ನೆಲ ಹುಡುಕಿ ಪಶ್ಚಿಮದ ಆರೆಗಾನಿಗೆ ಹೊರಟ ಬಂಡಿಸಾಲಿನವಳು, 1852ರಲ್ಲಿ ಕಾಲರಾದಿಂದ ಇಲ್ಲಿ ತೀರಿಕೊಂಡಳು. ನನ್ನ ಅತ್ತೆ ಬದುಕಿರುವಷ್ಟು ಕಾಲ ಪ್ರತಿ ಬೇಸಿಗೆ ಆ ಬೇಲಿಗೆ ಬಣ್ಣ ಬಳಿದರು, ಅವರ ನಂತರ ನಾನು. ಅವಳು ನಮ್ಮ ಮನೆಯ ಹುಡುಗಿಯೇ ಆಗಿಬಿಟ್ಟಿದ್ದಳು.

ಕೊನೆಗೆ ಗೆದ್ದವಳು ನಾನೇ. ರಸ್ತೆಯನ್ನು ಬೇಲಿಯಿಂದಾಚೆಗೆ, ಹುಲ್ಲು ಮುಚ್ಚಿದ ಹಳೆಯ ಬಂಡಿಜಾಡಿನ ಕಡೆಗೆ ತಿರುಗಿಸಿದರು. ಆವತ್ತು ಬೆಳಿಗ್ಗೆ ನನ್ನ ತಂಗಿಯ ಮಗ ಬಾಯ್ಡ್, ಕೌಂಟಿಯ ಅಗೆಯುವ ಯಂತ್ರದಲ್ಲಿ ಕೂತು, ನೀರಿನ ಪೈಪು ಹಾಕಲು ಆ ಜಾಡಿಗೆ ಅಡ್ಡಲಾಗಿ ಕಾಲುವೆ ತೋಡುತ್ತಿದ್ದ. ನಾನು ಬೇಲಿ ಹಿಡಿದುಕೊಂಡು ಜಂಬದಿಂದ ನೋಡುತ್ತಿದ್ದೆ.

ಆಗ ಆರೆಗಾನ್ ನಂಬರಿನ ಕಾರೊಂದು ಬಂದು ನಿಂತಿತು. ಕೋಲೂರಿಕೊಂಡು ಒಬ್ಬ ಮುದುಕರು ಇಳಿದರು.

"ಆಲ್ಡನ್ ಟ್ಯಾಕೆಟ್," ಅಂದರು. "ಪೇಪರಲ್ಲಿ ನಿಮ್ಮ ಜಗಳದ ಸುದ್ದಿ ಓದಿ ಬಂದೆ. ಪರ್ಮೀಲಿಯಾ ನಮ್ಮ ಮುತ್ತಜ್ಜಿ."

ಇಷ್ಟು ವರ್ಷಕ್ಕೆ ಅವಳ ಕಡೆಯವರು ಒಬ್ಬರಾದರೂ ಬಂದರಲ್ಲ! ಆದರೆ ಆ ಮನುಷ್ಯ ಬೇಲಿಯ ಮುಂದೆ ಸುಮ್ಮನೆ ನಿಂತುಬಿಟ್ಟರು. ನನಗೆ ರೇಗಿತು.

"ಟೋಪಿನಾದ್ರೂ ತೆಗೀರಿ ಸ್ವಾಮಿ. ನಿಮ್ಮಜ್ಜಿ ಇಲ್ಲೇ ಇರೋದು."

"ಇಲ್ಲಿಲ್ಲಮ್ಮ," ಅಂದರು ಮೆಲ್ಲಗೆ. "ಹೆಸರಿನ ಹಲಗೆ ಮಾತ್ರ ಪಕ್ಕದಲ್ಲಿ ನೆಟ್ರಂತೆ. ಹೂತಿದ್ದು ನಡುದಾರಿಯಲ್ಲಿ. ತೋಳ ವಾಸನೆ ಹಿಡಿದು ಅಗೀಬಾರದು ಅಂತ ಬಂಡಿಗಳನ್ನೆಲ್ಲ ಅವಳ ಮೇಲೇ ಹೊಡಕೊಂಡು ಹೋದ್ರು. ಆಗೆಲ್ಲ ಹಾಗೇ ಮಾಡ್ತಿದ್ದಿದ್ದು. ನಮ್ಮ ತಾತ ಆಗ ಕೈಗೂಸು. ಅವರಪ್ಪ ಸಾಯೋವರೆಗೂ ಇದನ್ನೇ ಹೇಳಿ ಅಳ್ತಿದ್ರಂತೆ."

"ನಡುದಾರಿ ಅಂದ್ರೆ?"

ಮುದುಕರು ಕೋಲೆತ್ತಿ ತೋರಿಸಿದರು. ಫಲಕಕ್ಕೆ ನೇರ ಎದುರಿಗೆ, ಬಂಡಿಜಾಡಿನ ಮಧ್ಯದಲ್ಲಿ, ಬಾಯ್ಡ್‌ನ ಯಂತ್ರ ಮಣ್ಣು ಬಾಚುತ್ತಿತ್ತು.

ಅಯ್ಯೋ ದೇವರೇ! ಹಟ ಹಿಡಿದು ಅವಳ ಮೇಲೆ ಯಂತ್ರ ತಂದು ನಿಲ್ಲಿಸಿದವಳು ನಾನೇ.

ಓಡಿದೆ. ಕೂಗಿದೆ. ಬಾಯ್ಡ್‌ನ ಕಿವಿಗೆ ಮುಚ್ಚಳ, ಕಣ್ಣು ಕೆಳಗೆ. ಬಕೆಟ್ಟು ಮೇಲೆದ್ದು, ತಿರುಗಿ, ಮತ್ತೆ ಇಳಿಯತೊಡಗಿತು. ಬೇರೆ ದಾರಿ ಕಾಣದೆ ಕಾಲುವೆಯೊಳಕ್ಕೇ ಧುಮುಕಿದೆ. ಕಬ್ಬಿಣದ ಹಲ್ಲುಗಳು ನನ್ನ ನೆತ್ತಿಯ ಮೇಲೆ ಬಂದು ನಿಂತವು. ಮಣ್ಣು ಕಣ್ಣಿಗೆಲ್ಲ ಉದುರಿತು.

"ದೊಡ್ಡಮ್ಮಾ! ತಲೆಗಿಲೆ ಕೆಟ್ಟಿದೆಯಾ ನಿಂಗೆ? ಈಗ ನಿನ್ನ ಹೆಣ ಎತ್ತಬೇಕಿತ್ತು!"

"ಬಾಯ್ಮುಚ್ಕೊಂಡು ಕೆಳಗಿಳಿಯೋ! ಇಲ್ಲಿ ನೋಡು!"

ನನ್ನ ಕಾಲ ಬಳಿ ಬಂಡಿಯ ಹಲಗೆಯೊಂದರ ತುದಿ ಮಣ್ಣಿನಿಂದ ಹೊರಬಂದಿತ್ತು. ಹಲಗೆ ಬಿರಿದ ಕಡೆ ಸಣ್ಣ ಪಾದದ ಬೂಟಿನ ಚರ್ಮದ ಅಟ್ಟೆ ಕಾಣುತ್ತಿತ್ತು. ನನ್ನ ಗೇಣಿಗಿಂತ ಚೂರೇ ಉದ್ದವಿತ್ತು. ಬಾಯ್ಡ್ ಇಳಿದು ಬಂದು ನೋಡಿದ. ಜೇಬಿನಿಂದ ಫೋನ್ ತೆಗೆದ.

"ಯಾರಿಗೋ?"

"ಕಚೇರಿಗೆ. ಹೇಳ್ದಿದ್ರೆ ಕೆಲಸ ಹೋಗತ್ತೆ."

"ಹೇಳಿದ್ರೆ?"

"ತಜ್ಞರು ಬಂದು ಎತ್ತುತ್ತಾರೆ. ಪೆಟ್ಟಿಗೆಗೆ ಹಾಕಿ, ನಂಬರ್ ಅಂಟಿಸಿ, ಪರೀಕ್ಷೆಗೆ ಒಯ್ತಾರೆ."

ಮೇಲೆ ನಿಂತಿದ್ದ ಮುದುಕರು ಕೋಲೂರಿ ಮುಂದಕ್ಕೆ ಬಗ್ಗಿದರು. "ಯಾರೂ ಎತ್ತಬಾರದು ಅಂತ್ಲೇ ಅಲ್ವೇನಪ್ಪಾ ಅವರು ಅಷ್ಟೆಲ್ಲ ಮಾಡಿದ್ದು," ಅಂದರು.

ಬಾಯ್ಡ್ ಫೋನು ಕೆಳಗಿಳಿಸಲಿಲ್ಲ. ನಾನು ಬೈದೆ. ಜಗ್ಗಲಿಲ್ಲ. ಹುಟ್ಟಿದಾಗಿನಿಂದ ಯಾರ ಮುಂದೆಯೂ ಕೈ ಚಾಚಿದವಳಲ್ಲ ನಾನು. ಆ ಕಾಲುವೆಯಲ್ಲಿ ನಿಂತು ಅವನ ಅಂಗಿ ಹಿಡಿದುಕೊಂಡೆ.

"ಬೇಡ ಕಣೋ. ನಿನ್ನ ದಮ್ಮಯ್ಯ."

"ಮನೇಲಿ ಎರಡು ಮಕ್ಕಳಿವೆ ದೊಡ್ಡಮ್ಮ."

"ಗೊತ್ತು ಕಣೋ. ಇವಳೂ ಕೂಸು ಬಿಟ್ಟು ಸತ್ತವಳೇ."

ಅವನು ಬಗ್ಗಿ, ಆ ಅಟ್ಟೆಗೆ ಅಂಟಿದ ಮಣ್ಣನ್ನು ಬೆರಳಲ್ಲಿ ಒರೆಸಿದ. ಆಮೇಲೆ ಫೋನನ್ನು ಜೇಬಿಗಿಳಿಸಿ, "ಇಲ್ಲಿ ಬಂಡೆ ಸಿಕ್ತು ಅಂತೀನಿ. ಪೈಪು ಅತ್ಲಾಗೆ ಹಾಕ್ತೀನಿ. ಮೇಲೆ ಹತ್ತು, ಬೇಗ," ಅಂದ.

ಸಲಿಕೆಯಲ್ಲಿ, ಕೈಯಲ್ಲಿ, ಮೂವರೂ ಸೇರಿ ಮೊದಲು ಅವಳನ್ನು ಮುಚ್ಚಿದೆವು. ಮಿಕ್ಕ ಮಣ್ಣನ್ನು ಯಂತ್ರ ದೂಡಿತು. ಆದರೂ ಹಸಿಮಣ್ಣು ದಿಬ್ಬವಾಗಿ ಎದ್ದು ಕಾಣುತ್ತಿತ್ತು. ಮಧ್ಯಾಹ್ನ ಮೇಲ್ವಿಚಾರಕರು ಬರುವವರಿದ್ದರು.

"ಒತ್ತಬೇಕು," ಅಂದ ಬಾಯ್ಡ್. "ನನ್ನ ಯಂತ್ರ ಹತ್ತಿದ್ರೆ ಹಲಗೆ ಪುಡಿಯಾಗತ್ತೆ. ನಿನ್ನ ಪಿಕಪ್ ತಾ."

"ಅವಳ ಮೇಲೆ ಗಾಡಿ ಓಡಿಸ್ಲಾ? ನನ್ನ ಕೈಲಾಗಲ್ಲಪ್ಪ!"

ಮುದುಕರು ಟೋಪಿ ತೆಗೆದು ಎದೆಗೊತ್ತಿಕೊಂಡರು. "ಮೊದಲ ಬಂಡಿ ಅವಳ ಗಂಡನೇ ಹೊಡೆದನಂತೆ. ಬೇರೆ ಯಾರಿಗೂ ಬಿಡ್ಲಿಲ್ಲವಂತೆ. ಇದು ಮನೆಯವರು ಮಾಡೋ ಕೆಲಸ ತಾಯಿ. ನೀವೇ ಓಡಿಸಿ."

ಪಿಕಪ್ ಹತ್ತಿದೆ. ಕಣ್ಣೀರಲ್ಲಿ ಎದುರಿಗಿದ್ದುದೇ ಕಾಣದು. ಮುಂದಿನ ಗಾಲಿ ದಿಬ್ಬಕ್ಕೆ ಏರಿದಾಗ "ತಡ್ಕೋ ಕಂದಾ, ತಡ್ಕೋ," ಅಂದೆ. ಮಣ್ಣು ಕುಸಿದು ಗಾಡಿ ಸಣ್ಣಗೆ ಕುಲುಕಿತು. ಬಾಯ್ಡ್ ಸಾಲದು ಅಂತ ಕೈಸನ್ನೆ ಮಾಡಿದ. ಹಿಂದಕ್ಕೆ ತೆಗೆದುಕೊಂಡು ಮತ್ತೆ ಅವಳ ಮೇಲೆ ಓಡಿಸಿದೆ.